ಮಕ್ಕಳ ಲಿವರ್ ಗಡ್ಡೆ: ತಾಯಿಯ ತಪ್ಪಲ್ಲ, ತಡ ಮಾಡುವುದು ನಮ್ಮ ತಪ್ಪು

(ಸಂಘದ ಬೆಳ್ಳಿಹಬ್ಬದ ಎರಡನೇ ದಿನ ನಡೆದ ಆರೋಗ್ಯ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಹಾಲಿನ ಸಂಘದ ನಿರ್ದೇಶಕರು ಹಾಲಿನ ಫ್ಯಾಟು, ಹಸುವಿನ ತಳಿ, ಮೇವಿನ ವಿಚಾರ ಮಾತಾಡಬೇಕು. ನಾವು ಇವತ್ತು ಮಕ್ಕಳ ಲಿವರಿನಲ್ಲಿ ಬರುವ ಗಡ್ಡೆಯ ವಿಚಾರ ಮಾತಾಡೋಕೆ ನಿಂತಿದ್ದೇವೆ. ಹಬ್ಬದ ದಿನ ಇದೆಂಥ ವಿಷಯ ಅಂತ ಕೆಲವರಿಗೆ ಅನ್ನಿಸಬಹುದು. ನಾವು ಡಾಕ್ಟರಲ್ಲ, ಎಸ್.ಎಸ್.ಎಲ್.ಸಿ. ತನಕ ಓದಿ ನೇಗಿಲು ಹಿಡಿದವರು. ಆದರೆ ನಮ್ಮ ಮನೆಯಲ್ಲೇ ಈ ಕಾಯಿಲೆ ಬಂದು ಹೋಯಿತು. ಆಗ ಆಸ್ಪತ್ರೆಯ ವರಾಂಡದಲ್ಲಿ ಕೂತು ಡಾಕ್ಟರು ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಆಮೇಲೂ ಕೇಳಿ, ಓದಿ ಅದಕ್ಕೆ ಸೇರಿಸುತ್ತಾ ಬಂದಿದ್ದೇವೆ. ಈ ಭಾಷಣವನ್ನು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಮುಂದೆ ಓದಿ ತಿದ್ದಿಸಿಕೊಂಡು ಬಂದಿದ್ದೇವೆ. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಬೇಕು ಅಂತ ವಿನಂತಿ.

ಮೊದಲು ನಡೆದ ಸಂಗತಿ ಹೇಳಿಬಿಡುತ್ತೇವೆ. 2014ನೇ ಇಸವಿ. ನಮ್ಮ ತಮ್ಮನ ಮಗಳಿಗೆ ಆಗ ಹದಿನಾಲ್ಕು ತಿಂಗಳು. ನಮ್ಮ ತಾಯಿ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಹೊಟ್ಟೆಯ ಬಲಗಡೆ, ಪಕ್ಕೆಲುಬಿನ ಕೆಳಗೆ, ಕೈಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಮಗು ಆಡಿಕೊಂಡೇ ಇತ್ತು, ಜ್ವರ ಇಲ್ಲ, ಅಳು ಇಲ್ಲ. ಹೊಟ್ಟೆ ಸ್ವಲ್ಪ ಡುಬ್ಬ ಕಾಣುತ್ತಿತ್ತು, ಊಟ ಸೇರುತ್ತಿರಲಿಲ್ಲ, ಅಷ್ಟೇ. ಜ್ವರಗಡ್ಡೆ ಇರಬೇಕು ಅಂತ ಒಬ್ಬರು, ದೃಷ್ಟಿಯಾಗಿದೆ ಅಂತ ಇನ್ನೊಬ್ಬರು. ಪಕ್ಕದ ಊರಿಗೆ ಕರೆದುಕೊಂಡು ಹೋಗಿ ಹೊಟ್ಟೆಯ ಮೇಲೆ ಕಾದ ಬಳೆ ಚೂರಿನಿಂದ ಚುಟಿಕೆ ಹಾಕಿಸಿದೆವು. ಹಾಕಿಸಿದವರು ಬೇರೆ ಯಾರೂ ಅಲ್ಲ, ನಾವೇ. ಮಗುವನ್ನು ತೊಡೆಯ ಮೇಲೆ ಅಮುಕಿ ಹಿಡಿದವರೂ ನಾವೇ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು ಮಾಡಿದೆವು. ಮನೆಯಲ್ಲಿ ಎಲ್ಲರೂ ಸೇರಿ ಮಗುವಿನ ತಾಯಿಯ ಮೇಲೆ ಮಾತು ಹೊರಿಸಿದೆವು. ಬಸುರಿಯಲ್ಲಿ ಪರಂಗಿ ಹಣ್ಣು ತಿಂದಳು, ಅಮಾವಾಸ್ಯೆ ದಿನ ಹುಣಸೆಮರದ ಕೆಳಗೆ ಹಾದು ಬಂದಳು, ಅವಳ ಹಾಲೇ ಕೆಟ್ಟದ್ದು. ಹೀಗೆ ಬಾಯಿಗೆ ಬಂದದ್ದು. ಆ ಹೆಣ್ಣುಮಗಳು ಒಂದು ದಿನ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ, ನಮ್ಮ ಮುಖ ನೋಡದೆ, "ನಾನು ಏನು ತಪ್ಪು ಮಾಡ್ದೆ ಅಂತ ನೀವೇ ಹೇಳಿ ಭಾವ, ತಿದ್ಕಂತೀನಿ" ಅಂದಳು. ಅವತ್ತು ನಾವು ಉತ್ತರ ಕೊಡಲಿಲ್ಲ. ಇವತ್ತು ಕೊಡುತ್ತಿದ್ದೇವೆ.

ಒಂದೂವರೆ ತಿಂಗಳು ಹೀಗೇ ಕಳೆಯಿತು. ಚುಟಿಕೆ ಗಾಯ ಮಾಯಿತು, ಗಡ್ಡೆ ಬೆಳೆಯಿತು. ಕೊನೆಗೆ ಅಂಗನವಾಡಿ ಟೀಚರು ಮಗುವಿನ ತೂಕ ನೋಡಿ, ಹೊಟ್ಟೆ ಮುಟ್ಟಿ, "ಇವತ್ತೇ ತಾಲ್ಲೂಕು ಆಸ್ಪತ್ರೆಗೆ ಹೋಗಿ" ಅಂತ ಗದರಿಸಿ ಕಳಿಸಿದರು. ಅಲ್ಲಿಂದ ಜಿಲ್ಲಾ ಆಸ್ಪತ್ರೆ, ಅಲ್ಲಿ ಸ್ಕ್ಯಾನಿಂಗ್, ಅಲ್ಲಿಂದ ಬೆಂಗಳೂರು. ಲಿವರಿನಲ್ಲಿ ಗಡ್ಡೆ, ಅದೂ ಕ್ಯಾನ್ಸರ್ ಅಂದರು. ನಮಗೆ ನೆಲ ಕುಸಿದ ಹಾಗಾಯಿತು. ಬೀಡಿ ಸೇದೋರಿಗೆ, ಸಾರಾಯಿ ಕುಡಿಯೋರಿಗೆ ಬರುವ ಕಾಯಿಲೆ ಹಾಲು ಕುಡಿಯುವ ಕೂಸಿಗೆ ಹೇಗೆ ಬಂತು ಅಂತ ಕೇಳಿದೆವು. ಆ ವೈದ್ಯೆ ನಮ್ಮನ್ನೆಲ್ಲ ಬಿಟ್ಟು ಮೊದಲು ತಾಯಿಯ ಕಡೆ ತಿರುಗಿ, "ನೋಡಮ್ಮ, ನೀನು ಮಾಡಿದ್ದರಿಂದಲೂ ಇದು ಬಂದಿಲ್ಲ, ನೀನು ಮಾಡದೇ ಇದ್ದದ್ದರಿಂದಲೂ ಬಂದಿಲ್ಲ" ಅಂದರು. ಆಮೇಲೆ ನಮಗೆ ವಿವರಿಸಿದರು. ಅದನ್ನೇ ನಮ್ಮ ಮಾತಿನಲ್ಲಿ ಹೇಳುತ್ತೇವೆ.

ಲಿವರ್ ಅಂದರೆ ಪಿತ್ತಜನಕಾಂಗ, ಯಕೃತ್ತು. ಕುರಿ ಕೊಯ್ದಾಗ ಈಲಿ ಅಂತೀವಲ್ಲ, ಅದೇ. ಹೊಟ್ಟೆಯ ಬಲಭಾಗದಲ್ಲಿ ಪಕ್ಕೆಲುಬಿನ ಮರೆಯಲ್ಲಿ ಇರುತ್ತದೆ. ತಿಂದದ್ದರ ಸಾರವೆಲ್ಲ ರಕ್ತದ ಮೂಲಕ ಮೊದಲು ಅಲ್ಲಿಗೇ ಹೋಗುತ್ತದೆ. ಸಕ್ಕರೆಯನ್ನು ಕೂಡಿಡುವುದು, ವಿಷವನ್ನು ಮುರಿಯುವುದು, ಪಿತ್ತರಸ ಮಾಡುವುದು, ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ಸಾಮಾನು ತಯಾರಿಸುವುದು, ಎಲ್ಲ ಅದರ ಕೆಲಸ. ನಮ್ಮ ಡೇರಿಯ ಹಾಗೇ ಅನ್ನಿ. ಎಲ್ಲರ ಮನೆಯ ಹಾಲೂ ಅಲ್ಲಿಗೆ ಬರಬೇಕು, ಪರೀಕ್ಷೆಯಾಗಬೇಕು, ಆಮೇಲೆ ಮುಂದಕ್ಕೆ ಹೋಗಬೇಕು.

ತಾಯಿಯ ಹೊಟ್ಟೆಯಲ್ಲಿ ಪಿಂಡ ಕಟ್ಟಿದ ಮೊದಲ ತಿಂಗಳಲ್ಲೇ ಲಿವರಿನ ಮೊಳಕೆ ಒಡೆಯುತ್ತದೆ. ಆ ಮೊಳಕೆಯಲ್ಲಿರುವ ಎಳೆಯ ಜೀವಕೋಶಗಳಿಗೆ ಹೆಪಟೋಬ್ಲಾಸ್ಟ್ ಅಂತ ಹೆಸರು. ಇವು ಸಸಿಮಡಿಯ ಸಸಿ ಇದ್ದ ಹಾಗೆ. ಬೆಳೆಯುತ್ತಾ ಕೆಲವು ಲಿವರಿನ ಕೆಲಸ ಮಾಡುವ ಕೋಶಗಳಾಗುತ್ತವೆ, ಕೆಲವು ಪಿತ್ತ ಹರಿಯುವ ನಾಳದ ಕೋಶಗಳಾಗುತ್ತವೆ. ಮಗು ಹುಟ್ಟುವ ಹೊತ್ತಿಗೆ ಬಹುತೇಕ ಎಲ್ಲ ಬಲಿತು ತಮ್ಮ ತಮ್ಮ ಕೆಲಸ ಹಿಡಿದಿರುತ್ತವೆ. ಎಲ್ಲೋ ಒಂದು ಎಳೆಯ ಕೋಶ ಬಲಿಯದೆ, ಎಳೆಯದಾಗೇ ಉಳಿದು, ತನ್ನಷ್ಟಕ್ಕೆ ತಾನು ಹೆಚ್ಚುತ್ತಾ ಹೋದರೆ ಅದೇ ಗಡ್ಡೆ. ಎಳೆಯ ಕೋಶದ ಹೆಸರಿನಿಂದಲೇ ಇದನ್ನು ಹೆಪಟೋಬ್ಲಾಸ್ಟೋಮಾ ಅನ್ನುತ್ತಾರೆ. ಮಕ್ಕಳ ಲಿವರ್ ಕ್ಯಾನ್ಸರಿನಲ್ಲಿ ಹೆಚ್ಚು ಪಾಲು ಇದೇ. ಮೂರು ವರ್ಷದೊಳಗಿನ ಮಕ್ಕಳಲ್ಲೇ ಜಾಸ್ತಿ.

ಆ ಕೋಶ ಯಾಕೆ ನಿಲ್ಲದೆ ಹೆಚ್ಚುತ್ತದೆ? ನಮ್ಮ ಪಂಪ್‌ಸೆಟ್ಟಿನ ಸ್ಟಾರ್ಟರ್ ನೆನಪು ಮಾಡಿಕೊಳ್ಳಿ. ಗುಂಡಿ ಒತ್ತಿದರೆ ಮೋಟರ್ ಓಡಬೇಕು, ಇನ್ನೊಂದು ಒತ್ತಿದರೆ ನಿಲ್ಲಬೇಕು. ಒಳಗಿನ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡರೆ ಎಷ್ಟು ಒತ್ತಿದರೂ ನಿಲ್ಲುವುದಿಲ್ಲ, ಮಡಿ ತುಂಬಿ ಬದು ಒಡೆದು ಹೋಗುತ್ತದೆ. ಕೋಶದೊಳಗೆ ಬೀಟಾ ಕೆಟೆನಿನ್ ಅಂತ ಒಂದು ಪ್ರೋಟೀನು ಇದೆ. ಬೆಳೆ ಅಂತ ಆಜ್ಞೆ ಮುಟ್ಟಿಸುವುದು ಅದರ ಕೆಲಸ. ಆಜ್ಞೆ ಮುಗಿದ ಮೇಲೆ ಕೋಶವೇ ಅದನ್ನು ಒಡೆದು ಹಾಕುತ್ತದೆ. ಆ ಪ್ರೋಟೀನು ಮಾಡುವ ಜೀನಿನಲ್ಲಿ ಒಂದು ಸಣ್ಣ ಬದಲಾವಣೆಯಾದರೆ ಅದನ್ನು ಒಡೆದು ಹಾಕಲು ಆಗುವುದಿಲ್ಲ. ಆಗ ಬೆಳೆ ಬೆಳೆ ಅನ್ನುವ ಆಜ್ಞೆ ನಿಲ್ಲುವುದೇ ಇಲ್ಲ. ಹೆಪಟೋಬ್ಲಾಸ್ಟೋಮಾ ಬಂದ ಮಕ್ಕಳ ಗಡ್ಡೆಯನ್ನು ಪರೀಕ್ಷೆ ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಈ ಒಂದು ದೋಷ ಸಿಗುತ್ತದೆ. ದೊಡ್ಡವರ ಕ್ಯಾನ್ಸರಿನಲ್ಲಿ ವರ್ಷಾನುಗಟ್ಟಲೆ ಹೊಗೆ, ಸಾರಾಯಿ, ವಿಷ ತಾಗಿ ತಾಗಿ ಹತ್ತಾರು, ನೂರಾರು ಕಡೆ ಕೆಟ್ಟಿರುತ್ತದೆ. ಕೂಸಿನ ಈ ಗಡ್ಡೆಯಲ್ಲಿ ಬಹಳ ಕಡಿಮೆ ಜಾಗದಲ್ಲಿ ಕೆಟ್ಟಿರುತ್ತದೆ. ಅದು ಕೆಟ್ಟ ಅಭ್ಯಾಸದಿಂದ ಬಂದದ್ದಲ್ಲ. ಕೋಟಿಗಟ್ಟಲೆ ಕೋಶಗಳು ಒಂದರಿಂದ ಎರಡಾಗುವಾಗ ಅಚ್ಚು ಹಾಕುವಲ್ಲಿ ಆದ ಒಂದು ಅಕ್ಷರ ದೋಷ.

ಯಾವ ತಾಯಿಗೂ ಈ ಅಕ್ಷರ ತಿದ್ದುವ ಶಕ್ತಿ ಇಲ್ಲ. ಪರಂಗಿ ಹಣ್ಣಿಗೂ ಇಲ್ಲ, ಹುಣಸೆಮರಕ್ಕೂ ಇಲ್ಲ. ಎದೆಹಾಲಿನಿಂದ ಇದು ಬರುವುದಿಲ್ಲ. ಒಂದು ಮಗುವಿನಿಂದ ಇನ್ನೊಂದು ಮಗುವಿಗೆ ಅಂಟುವುದಿಲ್ಲ. ನಮ್ಮ ಮಗುವಿಗೆ ಕಾಯಿಲೆ ಅಂತ ತಿಳಿದ ಮೇಲೆ ಕೆಲವರು ತಮ್ಮ ಮಕ್ಕಳನ್ನು ನಮ್ಮ ಅಂಗಳಕ್ಕೆ ಬಿಡುತ್ತಿರಲಿಲ್ಲ. ಅವರ ಮೇಲೆ ಸಿಟ್ಟಿಲ್ಲ, ಗೊತ್ತಿರಲಿಲ್ಲ ಅವರಿಗೆ. ಇನ್ನು ಮೇಲೆ ಗೊತ್ತಿರಲಿ.

ಇದು ಬಹಳ ಅಪರೂಪದ ಕಾಯಿಲೆ. ವರ್ಷಕ್ಕೆ ಹತ್ತು ಲಕ್ಷ ಮಕ್ಕಳಲ್ಲಿ ಒಂದೋ ಎರಡೋ ಮಕ್ಕಳಿಗೆ ಬರುತ್ತದೆ. ಕೆಲವು ಮಕ್ಕಳ ಮೇಲೆ ಮಾತ್ರ ಹೆಚ್ಚು ಕಣ್ಣಿಡಬೇಕು. ದಿನ ತುಂಬುವ ಮುಂಚೆ ಹುಟ್ಟಿ ಒಂದೂವರೆ ಕಿಲೋಗಿಂತ ಕಡಿಮೆ ತೂಕ ಇದ್ದ ಮಕ್ಕಳಲ್ಲಿ ಇದು ಬೇರೆ ಮಕ್ಕಳಿಗಿಂತ ಹೆಚ್ಚು. ಹುಟ್ಟುವಾಗಲೇ ನಾಲಿಗೆ ಬಹಳ ದೊಡ್ಡದಿದ್ದು, ದೇಹದ ಒಂದು ಪಕ್ಕ ಇನ್ನೊಂದಕ್ಕಿಂತ ದಪ್ಪ ಇರುವ ಬೆಕ್‌ವಿತ್ ವೀಡೆಮನ್ ಅನ್ನುವ ತೊಂದರೆ ಇರುವ ಮಕ್ಕಳಲ್ಲೂ ಹೆಚ್ಚು. ಅಂಥ ಮಕ್ಕಳಿಗೆ ಸಣ್ಣ ವಯಸ್ಸಿನಲ್ಲಿ ಮೂರು ತಿಂಗಳಿಗೊಮ್ಮೆ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಲು ಡಾಕ್ಟರು ಹೇಳುತ್ತಾರೆ. ದೊಡ್ಡ ಕರುಳಿನಲ್ಲಿ ನೂರಾರು ಸಣ್ಣ ಗಂಟು ಬೆಳೆಯುವ ಕಾಯಿಲೆ ವಂಶದಲ್ಲಿ ಇದ್ದರೂ ಮಗುವಿನ ಡಾಕ್ಟರಿಗೆ ಮೊದಲೇ ಹೇಳಬೇಕು. ಉಳಿದ ಹೆಚ್ಚಿನ ಮಕ್ಕಳಲ್ಲಿ ಇಂಥ ಯಾವ ಮುನ್ಸೂಚನೆಯೂ ಇರುವುದಿಲ್ಲ. ನಮ್ಮ ಮಗುವಿಗೂ ಇರಲಿಲ್ಲ.

ಹೊಟ್ಟೆಯಲ್ಲಿ ಗಟ್ಟಿ ಸಿಕ್ಕಿದ್ದೆಲ್ಲ ಕ್ಯಾನ್ಸರ್ ಅಂತ ಗಾಬರಿ ಬೀಳುವುದೂ ಬೇಡ. ಕೂಸುಗಳ ಲಿವರಿನಲ್ಲಿ ರಕ್ತನಾಳಗಳೇ ಗಂಟು ಕಟ್ಟುವುದುಂಟು. ಅದು ಕ್ಯಾನ್ಸರ್ ಅಲ್ಲ, ಎಷ್ಟೋ ಸಲ ತಾನೇ ಕರಗುತ್ತದೆ. ಆದರೆ ಯಾವುದು ಯಾವುದು ಅಂತ ಹೇಳಬೇಕಾದದ್ದು ಸ್ಕ್ಯಾನಿಂಗು, ಬಳೆ ಚೂರಲ್ಲ. ಇನ್ನೊಂದು ರಕ್ತಪರೀಕ್ಷೆ ಇದೆ. ಹೊಟ್ಟೆಯೊಳಗಿನ ಕೂಸಿನ ಲಿವರ್ ಆಲ್ಫಾ ಫೀಟೋ ಪ್ರೋಟೀನ್ ಅನ್ನುವುದನ್ನು ತಯಾರಿಸುತ್ತಿರುತ್ತದೆ. ಹುಟ್ಟಿದಾಗ ರಕ್ತದಲ್ಲಿ ಅದು ಬಹಳ ಇರುತ್ತದೆ, ಒಂದು ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಇಳಿದುಹೋಗುತ್ತದೆ. ಗಡ್ಡೆಯ ಕೋಶ ಎಳೆಯದಾಗೇ ಉಳಿದಿರುತ್ತದಲ್ಲ, ಅದು ಹಳೇ ಕೆಲಸವನ್ನೇ ಮುಂದುವರಿಸುತ್ತದೆ. ಹತ್ತರ ಒಳಗೆ ಇರಬೇಕಾದ ಲೆಕ್ಕ ನಮ್ಮ ಮಗುವಿಗೆ ಎರಡು ಲಕ್ಷ ದಾಟಿತ್ತು. ಔಷಧಿ ಕೊಟ್ಟ ಹಾಗೆಲ್ಲ ಅದು ಇಳಿಯುವುದನ್ನು ನಾವು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆವು. ಹಾಲಿನ ಲೆಕ್ಕ ಏರಲಿ ಅಂತ ಕಾಯುವ ನಾವು, ಲೆಕ್ಕ ಇಳಿಯಲಿ ಅಂತ ಕಾದದ್ದು ಅದೇ ಮೊದಲು.

ಇಲ್ಲಿಯವರೆಗೆ ಹೇಳಿದ್ದು ನಮ್ಮ ಕೈಯಲ್ಲಿ ಇಲ್ಲದ ಕಾರಣ. ಇನ್ನು ನಮ್ಮ ಕೈಯಲ್ಲಿ ಇರುವ ಕಾರಣಗಳಿಗೆ ಬರೋಣ. ಲಿವರಿಗೆ ಇನ್ನೊಂದು ಜಾತಿಯ ಕ್ಯಾನ್ಸರ್ ಬರುತ್ತದೆ. ದೊಡ್ಡವರಲ್ಲಿ ಹೆಚ್ಚು, ಐದಾರು ವರ್ಷ ದಾಟಿದ ಮಕ್ಕಳಲ್ಲಿಯೂ ಕಾಣುವುದುಂಟು. ಇದು ಎಳೆಯ ಕೋಶದ್ದಲ್ಲ, ಬಲಿತ ಕೋಶದ್ದು. ಇದಕ್ಕೆ ದೊಡ್ಡ ಕಾರಣ ಹೆಪಟೈಟಿಸ್ ಬಿ ಅನ್ನುವ ವೈರಸ್ಸು. ಕಾಮಾಲೆ ತರುವ ವೈರಸ್ಸುಗಳಲ್ಲಿ ಇದೂ ಒಂದು. ರಕ್ತದಿಂದ, ಕುದಿಸದ ಸೂಜಿಯಿಂದ, ಹಚ್ಚೆ ಸೂಜಿಯಿಂದ, ಒಬ್ಬರ ಕ್ಷೌರದ ಬ್ಲೇಡನ್ನು ಇನ್ನೊಬ್ಬರಿಗೆ ಬಳಸುವುದರಿಂದ, ಗಂಡ ಹೆಂಡಿರ ಕೂಟದಿಂದ, ಹೆರಿಗೆ ಹೊತ್ತಿನಲ್ಲಿ ತಾಯಿಯಿಂದ ಕೂಸಿಗೆ ಹರಡುತ್ತದೆ. ಒಟ್ಟಿಗೆ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ ಬರುವುದಿಲ್ಲ. ದೊಡ್ಡವರಿಗೆ ತಾಗಿದರೆ ನೂರಕ್ಕೆ ತೊಂಬತ್ತೈದು ಜನ ತಾವಾಗೇ ವಾಸಿಯಾಗುತ್ತಾರೆ. ಹುಟ್ಟುವಾಗಲೇ ಕೂಸಿಗೆ ತಾಗಿದರೆ ಲೆಕ್ಕ ತಿರುಗುಮುರುಗು. ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಅದು ಜೀವಮಾನ ಪೂರ್ತಿ ಉಳಿದುಬಿಡುತ್ತದೆ. ಉಳಿದು ಏನು ಮಾಡುತ್ತದೆ? ಲಿವರಿನ ಕೋಶವನ್ನು ಸದಾ ಕೆರಳಿಸುತ್ತದೆ. ಸತ್ತ ಕೋಶದ ಜಾಗದಲ್ಲಿ ಹೊಸದು ಹುಟ್ಟುತ್ತಾ ಹುಟ್ಟುತ್ತಾ ತಪ್ಪು ಸೇರಿಕೊಳ್ಳುತ್ತದೆ. ವೈರಸ್ಸು ತನ್ನ ಬರಹವನ್ನೇ ಕೋಶದ ಬರಹದ ನಡುವೆ ತುರುಕಿಬಿಡುವುದೂ ಉಂಟು.

ಈ ವೈರಸ್ಸಿನ ಗುರುತನ್ನು ಮೊದಲು ಕಂಡುಹಿಡಿದವರು ಅಮೆರಿಕದ ಬರೂಚ್ ಬ್ಲಂಬರ್ಗ್. 1960ರ ದಶಕದಲ್ಲಿ ಮಾಡಿದ ಈ ಕೆಲಸಕ್ಕೆ 1976ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. 1980ರ ದಶಕದಲ್ಲಿ ಲಸಿಕೆ ಬಂತು. ತೈವಾನ್ ಅನ್ನುವ ಸಣ್ಣ ದೇಶದಲ್ಲಿ ಈ ವೈರಸ್ಸಿನ ಹಾವಳಿ ಬಹಳ. ಅವರು 1984ರಲ್ಲಿ ಸೋಂಕು ಇದ್ದ ತಾಯಂದಿರ ಕೂಸುಗಳಿಗೆ ಲಸಿಕೆ ಶುರು ಮಾಡಿ, 1986ರಿಂದ ಹುಟ್ಟುವ ಎಲ್ಲ ಕೂಸುಗಳಿಗೂ ಕೊಟ್ಟರು. ಆಮೇಲೆ ಲೆಕ್ಕ ತೆಗೆದರು. 6 ರಿಂದ 14 ವರ್ಷದ ಮಕ್ಕಳಲ್ಲಿ ಈ ಜಾತಿಯ ಲಿವರ್ ಕ್ಯಾನ್ಸರ್ 1981–86ರಲ್ಲಿ ವರ್ಷಕ್ಕೆ ಲಕ್ಷಕ್ಕೆ 0.70 ಇದ್ದದ್ದು 1990–94ಕ್ಕೆ 0.36ಕ್ಕೆ ಇಳಿದಿತ್ತು. ಅಂದರೆ ಸುಮಾರು ಅರ್ಧ. ಹತ್ತು ವರ್ಷದಲ್ಲಿ ಒಂದು ಲಸಿಕೆಯಿಂದ ಮಕ್ಕಳ ಒಂದು ಕ್ಯಾನ್ಸರ್ ಅರ್ಧಕ್ಕಿಳಿಯಿತು. ಲಸಿಕೆಯಿಂದ ಕ್ಯಾನ್ಸರ್ ತಡೆಯಬಹುದು ಅಂತ ಜಗತ್ತಿಗೆ ಮೊದಲು ತೋರಿಸಿಕೊಟ್ಟ ಲೆಕ್ಕ ಇದು.

ನಮ್ಮ ದೇಶದಲ್ಲೂ 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಈ ಲಸಿಕೆ ತಯಾರಿಸಿ ಕಡಿಮೆ ಬೆಲೆಗೆ ಸಿಗುವಂತಾಯಿತು. ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಹುಟ್ಟಿದ 24 ಗಂಟೆಯೊಳಗೆ ಒಂದು ಡೋಸು, ಆಮೇಲೆ 6, 10, 14ನೇ ವಾರದಲ್ಲಿ ಐದು ಕಾಯಿಲೆಗೆ ಸೇರಿಸಿ ಕೊಡುವ ಪೆಂಟಾವೇಲೆಂಟ್ ಚುಚ್ಚುಮದ್ದಿನಲ್ಲಿ ಇದೂ ಇರುತ್ತದೆ. ಆ ಮೊದಲ 24 ಗಂಟೆಯ ಡೋಸು ಬಹಳ ಮುಖ್ಯ. ಕೂಸಿಗೆ ಅವತ್ತೇ ಸೂಜಿ ಚುಚ್ಚಿಸಬೇಡಿ, ಹನ್ನೊಂದು ದಿನದ ಸೂತಕ ಕಳೀಲಿ ಅಂತ ಅಜ್ಜಿಯರು ತಡೆಯುವುದನ್ನು ನಾವು ನೋಡಿದ್ದೇವೆ. ತಾಯಂದಿರೇ, ವೈರಸ್ಸು ಸೂತಕ ನೋಡುವುದಿಲ್ಲ. ಬಸುರಿಯರು ರಕ್ತಪರೀಕ್ಷೆಯಲ್ಲಿ ಈ ಸೋಂಕಿನ ಪರೀಕ್ಷೆಯೂ ಆಗಿದೆಯೇ ಅಂತ ಕೇಳಿಕೊಳ್ಳಿ. ಸೋಂಕು ಇದ್ದರೆ ಕೂಸಿಗೆ ಲಸಿಕೆಯ ಜೊತೆ ಇನ್ನೊಂದು ಇಂಜೆಕ್ಷನ್ ಕೂಡ ಹುಟ್ಟಿದ ಕೂಡಲೇ ಕೊಡುತ್ತಾರೆ. ಇಲ್ಲೂ ತಾಯಿಯನ್ನು ದೂರುವಂತಿಲ್ಲ. ಅವಳಿಗೂ ಅದು ಎಲ್ಲಿಂದಲೋ ಬಂದದ್ದೇ.

ಎರಡನೆಯದು ನಮ್ಮ ಕಣದ ವಿಚಾರ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಮರಿಗಳು ಇದ್ದಕ್ಕಿದ್ದಂತೆ ಸತ್ತವು. ಹುಡುಕಿದಾಗ ಅವುಗಳಿಗೆ ಹಾಕಿದ್ದ ಬ್ರೆಜಿಲ್ ದೇಶದ ಶೇಂಗಾ ಹಿಂಡಿಯಲ್ಲಿ ಬೂಷ್ಟು ಇತ್ತು. ಆ ಬೂಷ್ಟು ಬಿಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಅಂತ ಹೆಸರಿಟ್ಟರು. ನಮ್ಮ ದೇಶದಲ್ಲೇ 1974ರಲ್ಲಿ ರಾಜಸ್ಥಾನದ ಬಾಂಸ್‌ವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಾಗಿ ಸತ್ತರು. ಅದೇ ಜೋಳ ತಿಂದ ನಾಯಿಗಳೂ ಸತ್ತವು. ಅದು ಒಮ್ಮೆಗೇ ಹೆಚ್ಚು ತಿಂದವರ ಕಥೆ. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಒಳಗೆ ಹೋದರೆ ಈ ವಿಷ ಲಿವರಿನ ಕೋಶದ ಜೀನಿಗೆ ಅಂಟಿಕೊಂಡು ಕೋಶವನ್ನು ಹದ್ದಿನಲ್ಲಿಡುವ ಕಾವಲುಗಾರ ಜೀನನ್ನೇ ಕೆಡಿಸುತ್ತದೆ. ಚೀನಾದ ಶಾಂಘೈನಲ್ಲಿ ಗಂಡಸರ ಮೇಲೆ ನಡೆದ ಅಧ್ಯಯನದಲ್ಲಿ, ಈ ವಿಷ ಮಾತ್ರ ಇದ್ದವರಿಗೆ ಲಿವರ್ ಕ್ಯಾನ್ಸರಿನ ಅಪಾಯ ಸುಮಾರು 3 ಪಟ್ಟು, ಹೆಪಟೈಟಿಸ್ ಬಿ ಮಾತ್ರ ಇದ್ದವರಿಗೆ ಸುಮಾರು 7 ಪಟ್ಟು, ಎರಡೂ ಸೇರಿದವರಿಗೆ ಸುಮಾರು 60 ಪಟ್ಟು ಅಂತ ಕಂಡುಬಂತು. ಮೂರೂ ಏಳೂ ಸೇರಿದರೆ ಹತ್ತಾಗಬೇಕಿತ್ತು, ಆಗಿದ್ದು ಅರವತ್ತು. ಎರಡು ಕೇಡು ಕೂಡಿದರೆ ಲೆಕ್ಕ ಕೂಡುವುದಲ್ಲ, ಗುಣಿಸುವುದು.

ಒಂದು ಮಾತು ಸ್ಪಷ್ಟವಾಗಿರಲಿ. ನಮ್ಮ ಮಗುವಿಗೆ ಬಂದ ಕೂಸಿನ ಗಡ್ಡೆ ಬೂಷ್ಟಿನಿಂದ ಬಂದದ್ದಲ್ಲ. ಆದರೆ ಇವತ್ತು ಅಂಗಳದಲ್ಲಿ ಆಡುವ ಮಕ್ಕಳು ನಲವತ್ತು ವರ್ಷ ದಾಟಿದಾಗ ಅವರ ಲಿವರ್ ಹೇಗಿರಬೇಕು ಅನ್ನುವುದಕ್ಕೆ ಇವತ್ತಿನ ನಮ್ಮ ಕಣ ಕಾರಣವಾಗುತ್ತದೆ. ಶೇಂಗಾ ಕಿತ್ತ ಮೇಲೆ ಗಿಡವನ್ನು ಕಾಯಿ ಮೇಲಾಗಿ ಮಗುಚಿ ಒಣಗಿಸಿ. ಹಸಿ ಕಾಯಿ ಬಣವೆ ಒಟ್ಟಬೇಡಿ. ಕಾಯಿ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ತೇವ ನೂರಕ್ಕೆ ಎಂಟರ ಒಳಗೆ ಬಂದ ಮೇಲೆ ಚೀಲ ಕಟ್ಟಬೇಕು. ಚೀಲವನ್ನು ನೆಲಕ್ಕೆ ಹಾಕದೆ ಹಲಗೆಯ ಮೇಲೆ ಇಡಬೇಕು. ಗೆದ್ದಲು ತಿಂದದ್ದು, ಒಡೆದದ್ದು, ಸುಕ್ಕಿದ್ದು, ಬೂಷ್ಟು ಹಿಡಿದದ್ದು ಆರಿಸಿ ತೆಗೆಯಬೇಕು. ಹುರಿದರೆ, ಬೇಯಿಸಿದರೆ ವಿಷ ಪೂರ್ತಿ ಹೋಗುವುದಿಲ್ಲ.

ಆರಿಸಿ ತೆಗೆದದ್ದನ್ನು ನಾವು ಏನು ಮಾಡುತ್ತೇವೆ? ಗಾಣಕ್ಕೆ ಹಾಕಿ ಹಿಂಡಿ ಮಾಡಿಸಿ ಹಸುವಿಗೆ ಇಡುತ್ತೇವೆ. ಇಲ್ಲಿಗೆ ಮಾತು ನಮ್ಮ ಸಂಘದ ಬಾಗಿಲಿಗೆ ಬಂತು. ಹಸು ತಿಂದ ಆ ವಿಷದಲ್ಲಿ ನೂರಕ್ಕೆ ಒಂದೆರಡು ಪಾಲು, ಹೆಚ್ಚು ಹಾಲು ಕೊಡುವ ಹಸುವಾದರೆ ಇನ್ನೂ ಸ್ವಲ್ಪ ಹೆಚ್ಚು, ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ಒಂದು ಕಿಲೋ ಹಾಲಿನಲ್ಲಿ ಅರ್ಧ ಮೈಕ್ರೋಗ್ರಾಂ ಮೀರಬಾರದು ಅಂತ ಕಾನೂನು ಇದೆ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಮೈಕ್ರೋಗ್ರಾಂ. ನಮ್ಮ ಲ್ಯಾಕ್ಟೋಮೀಟರಿಗೆ ಇದು ಕಾಣುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ನಮ್ಮ ಮನಸ್ಸಾಕ್ಷಿಗೆ ಮಾತ್ರ ತಿಳಿಯುತ್ತದೆ. ಕೆಟ್ಟ ಹಿಂಡಿ ನಿಲ್ಲಿಸಿದರೆ ಕೆಲವೇ ದಿನದಲ್ಲಿ ಹಾಲು ಶುದ್ಧವಾಗುತ್ತದೆ ಅನ್ನುವುದು ಸಮಾಧಾನದ ಮಾತು.

ಕಾರಣ ಹುಡುಕಿ ಬಿಟ್ಟರೆ ಕಾಯಿಲೆಯೇ ಹೋಗುತ್ತದೆ ಅನ್ನುವುದಕ್ಕೆ ಹಾಲಿನದೇ ಒಂದು ಉದಾಹರಣೆ. ಹಿಂದೆ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಲಿವರ್ ಕಲ್ಲಿನಂತೆ ಗಟ್ಟಿಯಾಗಿ ಸಾಯುವ ಕಾಯಿಲೆ ನಮ್ಮ ದೇಶದಲ್ಲಿ ಬಹಳ ಇತ್ತು. ಅದು ಗಡ್ಡೆಯಲ್ಲ, ಬೇರೆ. ಅದನ್ನೂ ಶಾಪ ಅಂತಲೇ ಕರೆದರು. 1980ರ ದಶಕದಲ್ಲಿ ಪುಣೆಯಲ್ಲಿ ಡಾಕ್ಟರು ಹುಡುಕಿದಾಗ, ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿ ಇಟ್ಟ ಹಾಲನ್ನು ಕೂಸಿಗೆ ಕುಡಿಸಿದ್ದರಿಂದ ತಾಮ್ರ ಲಿವರಿನಲ್ಲಿ ಸೇರುತ್ತಿತ್ತು ಅಂತ ಕಂಡುಬಂತು. ಸ್ಟೀಲು ಪಾತ್ರೆ ಬಂತು, ಆ ಕಾಯಿಲೆ ಹೆಚ್ಚುಕಡಿಮೆ ಕಾಣೆಯಾಯಿತು.

ಇನ್ನು ಚಿಕಿತ್ಸೆಯ ವಿಚಾರ. ಹೆಪಟೋಬ್ಲಾಸ್ಟೋಮಾ ವಾಸಿಯಾಗುವ ಕ್ಯಾನ್ಸರ್. 1970ರ ದಶಕದಲ್ಲಿ ಮೂರರಲ್ಲಿ ಒಂದು ಮಗು ಉಳಿದರೆ ಹೆಚ್ಚು. ಸಿಸ್ಪ್ಲಾಟಿನ್ ಅನ್ನುವ ಔಷಧಿ ಬಂದ ಮೇಲೆ ಕಥೆ ಬದಲಾಯಿತು. ಮೊದಲು ಔಷಧಿ ಕೊಟ್ಟು ಗಡ್ಡೆ ಕುಗ್ಗಿಸಿ, ಆಮೇಲೆ ಕೊಯ್ದು ತೆಗೆದು, ಮತ್ತೆ ಔಷಧಿ ಕೊಡುತ್ತಾರೆ. ಡಾಕ್ಟರು ಲಿವರನ್ನು ನಾಲ್ಕು ಭಾಗ ಅಂತ ಲೆಕ್ಕ ಹಾಕಿ, ಗಡ್ಡೆ ಎಷ್ಟು ಭಾಗದಲ್ಲಿದೆ, ಶ್ವಾಸಕೋಶಕ್ಕೆ ಹರಡಿದೆಯೇ ಅಂತ ನೋಡುತ್ತಾರೆ. ಹರಡದೆ, ಒಂದು ಭಾಗವಾದರೂ ಸ್ವಚ್ಛ ಉಳಿದಿರುವ ಮಕ್ಕಳಲ್ಲಿ ಸಿಸ್ಪ್ಲಾಟಿನ್ ಮತ್ತು ಶಸ್ತ್ರಚಿಕಿತ್ಸೆಯಿಂದ ಮೂರು ವರ್ಷದ ಮೇಲೂ ನೂರಕ್ಕೆ 95 ಮಕ್ಕಳು ಬದುಕಿದ್ದರು ಅಂತ 2009ರಲ್ಲಿ ಬಂದ ಅಂತರರಾಷ್ಟ್ರೀಯ ವರದಿ ಹೇಳುತ್ತದೆ. ಹರಡಿದ ಮೇಲೆ ಬಂದರೆ ಕಷ್ಟ ಹೆಚ್ಚು. ನಾವು ಕಳೆದ ಒಂದೂವರೆ ತಿಂಗಳ ಬೆಲೆ ಅಲ್ಲಿ ಗೊತ್ತಾಯಿತು. ನಮ್ಮ ಪುಣ್ಯ, ಹರಡಿರಲಿಲ್ಲ.

ದೇವರು ಲಿವರಿಗೆ ಒಂದು ವರ ಕೊಟ್ಟಿದ್ದಾನೆ. ಕೊಯ್ದರೆ ಚಿಗುರುತ್ತದೆ. ಮಗುವಿನ ಲಿವರಿನ ಬಲಭಾಗ ಪೂರ್ತಿ ತೆಗೆದರು. ಉಳಿದ ಭಾಗವೇ ಬೆಳೆದು ಪೂರ್ತಿ ಲಿವರಿನ ಕೆಲಸ ಮಾಡುತ್ತಿದೆ. ಗಡ್ಡೆ ಕೊಯ್ಯಲು ಬಾರದಷ್ಟು ಹಬ್ಬಿದ್ದರೆ ತಂದೆ ತಾಯಿಯ ಲಿವರಿನ ಒಂದು ತುಂಡನ್ನೇ ಮಗುವಿಗೆ ಕಸಿ ಮಾಡುವುದೂ ಈಗ ನಡೆಯುತ್ತಿದೆ.

ಔಷಧಿಗೂ ಒಂದು ಬೆಲೆ ಇದೆ. ಸಿಸ್ಪ್ಲಾಟಿನ್ ಕಿವಿಗೆ ಪೆಟ್ಟು ಕೊಡುತ್ತದೆ. ನಮ್ಮ ಮಗುವಿಗೆ ಸಣ್ಣ ದನಿ ಕೇಳುವುದಿಲ್ಲ, ಕಿವಿಗೆ ಮಿಷನ್ ಹಾಕಿಕೊಳ್ಳುತ್ತದೆ. 2018ರಲ್ಲಿ ಬಂದ ವರದಿಯ ಪ್ರಕಾರ ಔಷಧಿ ಕೊಟ್ಟ ಆರು ಗಂಟೆಯ ಮೇಲೆ ಸೋಡಿಯಂ ಥಯೋಸಲ್ಫೇಟ್ ಕೊಟ್ಟರೆ ಕಿವಿ ಕೆಡುವುದು ನೂರಕ್ಕೆ 63ರಿಂದ 33ಕ್ಕೆ ಇಳಿಯುತ್ತದೆ. ನಮಗೆ ಅದು ನಾಲ್ಕು ವರ್ಷ ತಡವಾಯಿತು. ಇನ್ನು ಮುಂದಿನ ಮಕ್ಕಳ ತಂದೆ ತಾಯಿ ಡಾಕ್ಟರನ್ನು ಕೇಳಲಿ ಅಂತ ಹೇಳುತ್ತಿದ್ದೇವೆ.

ದುಡ್ಡಿಗೆ ಹೆದರಿ ಯಾರೂ ಮನೆಯಲ್ಲಿ ಕೂರಬಾರದು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥ ಸರ್ಕಾರಿ ಸಂಸ್ಥೆಯಲ್ಲಿ ಮಕ್ಕಳ ಕ್ಯಾನ್ಸರ್ ವಿಭಾಗವೇ ಇದೆ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಹಾಯ ಇದೆ. ಸಹಕಾರಿಗಳಿಗೆ ಅಂತಲೇ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ, 2018ರಲ್ಲಿ ನಿಂತು, 2022–23ರಲ್ಲಿ ಮತ್ತೆ ಶುರುವಾಗಿದೆ. ಯಾವ ಕಾಯಿಲೆಗೆ ಯಾವುದು ಅನ್ವಯಿಸುತ್ತದೆ ಅಂತ ಸಂಘದ ಕಚೇರಿಯಲ್ಲಿ ಕೇಳಿ, ನೋಂದಣಿ ಮಾಡಿಸಿಕೊಳ್ಳಿ. ಕಾಯಿಲೆ ಬಂದ ಮೇಲೆ ಕಾರ್ಡು ಹುಡುಕುವುದು, ಮಳೆ ಬಂದ ಮೇಲೆ ಸೂರು ಹೊದಿಸಿದ ಹಾಗೆ.

ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ಆಡಳಿತ ಮಂಡಳಿಯ ಮುಂದೆ ಮೂರು ಮಾತು ಇಡುತ್ತೇವೆ. ಒಂದು, ಸಂಘದ ಸದಸ್ಯರ ಮನೆಯಲ್ಲಿ ಹುಟ್ಟುವ ಪ್ರತಿ ಕೂಸಿಗೂ 24 ಗಂಟೆಯೊಳಗಿನ ಲಸಿಕೆ ಆಯಿತೇ ಅಂತ ಆಶಾ ಕಾರ್ಯಕರ್ತೆಯವರ ಜೊತೆ ಸೇರಿ ವಿಚಾರಿಸುವುದು. ಎರಡು, ಬೂಷ್ಟು ಹಿಡಿದ ಹಿಂಡಿಯನ್ನು ಸಂಘ ಮಾರುವುದಿಲ್ಲ, ಸದಸ್ಯರು ಹಸುವಿಗೆ ಹಾಕುವುದಿಲ್ಲ ಅಂತ ಠರಾವು ಮಾಡುವುದು. ಮೂರು, ಯಾರ ಮನೆಯ ಮಗುವಿನ ಹೊಟ್ಟೆ ದಪ್ಪವಾಗಿ, ಒಳಗೆ ಗಟ್ಟಿ ಸಿಕ್ಕಿ, ತೂಕ ಇಳಿಯುತ್ತಿದ್ದರೆ ಚುಟಿಕೆ, ತಾಯಿತ, ಯಂತ್ರ ಅಂತ ಕಾಲ ಕಳೆಯದೆ ವಾರದೊಳಗೆ ಸ್ಕ್ಯಾನಿಂಗ್ ಮಾಡಿಸುವುದು. ಬಾಡಿಗೆಗೆ ದುಡ್ಡಿಲ್ಲದಿದ್ದರೆ ಸಂಘ ಮುಂಗಡ ಕೊಡಲಿ, ಹಾಲಿನ ಬಿಲ್ಲಿನಲ್ಲಿ ಹಿಡಿದುಕೊಳ್ಳಲಿ.

ಕೊನೆಯ ಮಾತು ನಮ್ಮ ಸ್ವಂತದ್ದು. ಆ ಮಗು ಈಗ ಏಳನೇ ಕ್ಲಾಸು. ಇವತ್ತು ಪ್ರಾರ್ಥನೆ ಹಾಡಿದ ಮಕ್ಕಳಲ್ಲಿ ಎಡಗಡೆ ನಿಂತಿದ್ದವಳೇ ಅವಳು. ಅವಳ ಹೊಟ್ಟೆಯ ಮೇಲೆ ಎರಡು ಗುರುತುಗಳಿವೆ. ಉದ್ದನೆಯದು ಡಾಕ್ಟರು ಅವಳನ್ನು ಉಳಿಸಲು ಕೊಯ್ದದ್ದು. ಸಣ್ಣದು ನಮ್ಮ ಅಜ್ಞಾನದ್ದು. ಅವಳ ತಾಯಿ ಅಲ್ಲಿ ಹೆಂಗಸರ ಸಾಲಿನಲ್ಲಿ ಕೂತಿದ್ದಾಳೆ. ಹಿಂದೆ ಕೊಟ್ಟಿಗೆಯಲ್ಲಿ ಅವಳು ಕೇಳಿದ ಮಾತಿಗೆ ಊರವರೆಲ್ಲರ ಎದುರು ಹೇಳುತ್ತೇವೆ: ನೀನೇನೂ ತಪ್ಪು ಮಾಡಿರಲಿಲ್ಲ ತಾಯಿ. ತಪ್ಪು ನಮ್ಮದು. ಕ್ಷಮಿಸಬೇಕು.



ಜೈ ಸಹಕಾರ, ಜೈ ಕರ್ನಾಟಕ, ಜೈ ಹಿಂದ್.